ಏರ್? ಯಾನ್!

ನಮ್ಮ ಪುಂಜಾಲಕಟ್ಟೆಯ ಕಡೆ ಕತ್ತಲಾದ ಮೇಲೆ ಅಂಗಳದಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿ, ಒಳಗಿನಿಂದ "ಏರ್?" ಎಂದು ವಿಚಾರಿಸಿದರೆ ಬರುವ ಉತ್ತರ ಒಂದೇ: "ಯಾನ್." ಯಾರು ಅಂದರೆ ನಾನು. ಅದಕ್ಕಿಂತ ಹೆಚ್ಚು ಕೇಳುವುದು ಮರ್ಯಾದೆಯಲ್ಲ. ಸ್ವರದಲ್ಲೇ ಗುರುತು ಹಿಡಿದು ಚಿಲಕ ತೆಗೆಯಬೇಕು. ಬೈಬಲಿನ ವಿಮೋಚನಕಾಂಡದ ಮೂರನೆಯ ಅಧ್ಯಾಯ ಓದುವಾಗ ನಾನು ನಮ್ಮೂರಿಗೇ ಬಂದುಬಿಟ್ಟೆನೋ ಅನ್ನಿಸಿದ್ದು ಇದರಿಂದಲೇ.

ಮೋಶೆ ಮಾವನ ಕುರಿ ಮೇಯಿಸುತ್ತ ಹೋದವನು. ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯೊಳಗಿನಿಂದ ದೇವರು ಅವನನ್ನು ಕರೆದು, ಈಜಿಪ್ಟಿನ ದೊರೆಯ ಹತ್ತಿರ ಹೋಗು ಅನ್ನುತ್ತಾನೆ. ಕಳುಹಿಸಿದವನ ಹೆಸರೇನೆಂದು ಜನ ಕೇಳಿದರೆ ಏನು ಹೇಳಲಿ ಎಂಬುದು ಮೋಶೆಯ ಪ್ರಶ್ನೆ. ನ್ಯಾಯವಾದದ್ದೇ. ಸಿಕ್ಕಿದ್ದು ಮಾತ್ರ 'ಎಹ್ಯೆ' ಎಂಬ ಒಂದೇ ಹೀಬ್ರೂ ಕ್ರಿಯಾಪದವನ್ನು ಎರಡು ಸಲ ಹಾಕಿದ ಉತ್ತರ. ಇದ್ದೇನೆ ಅಂತಲೂ ಆಗುತ್ತದೆ, ಇರುತ್ತೇನೆ ಅಂತಲೂ ಆಗುತ್ತದೆ. ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ನನಗೆ ತೋರುವುದಿಷ್ಟು: ಕೇಳಿದ್ದು ಹೆಸರು, ಬಂದದ್ದು 'ಯಾನ್'. ಎರಡು ವಚನ ಹಿಂದೆ ಅದೇ ಕ್ರಿಯಾಪದದಲ್ಲಿ, ಜೊತೆಗಿರುವೆನೆಂದು ದೇವರು ಮೋಶೆಗೆ ಮಾತು ಕೊಟ್ಟಾಗಿದೆ. ಕೋಲದ ರಾತ್ರಿ ಗಗ್ಗರದ ಸದ್ದು ನಿಂತ ಮೇಲೆ ದೈವ ಕುಟುಂಬದವರಿಗೆ ಕೊಡುವ ಅಭಯದ ತಿರುಳೂ ಅದೇ ಅಲ್ಲವೇ? ಬೆರಿಸಾಯಕ್ಕೆ, ಅಂದರೆ ಬೆನ್ನಿಗೆ ಆಸರೆಯಾಗಿ, ನಾನಿದ್ದೇನೆ. ಕೋರ್ಟು ಕೇಸು ಏನಾಗುತ್ತದೆಂದು ಸ್ಪಷ್ಟವಾಗಿ ಹೇಳುವುದಿಲ್ಲ, ಆದರೂ ಜನ ನಿರಾಳವಾಗಿ ಊಟಕ್ಕೆ ಏಳುತ್ತಾರೆ.

ಆ ಕ್ರಿಯಾಪದದ ಬಳಗದ್ದೇ ದೇವರ ಹೆಸರು: ಯೋದ್, ಹೇ, ವಾವ್, ಹೇ, ನಾಲ್ಕೇ ಅಕ್ಷರ. ಹೀಬ್ರೂ ಶಾಸ್ತ್ರಗ್ರಂಥದಲ್ಲಿ 6,800ಕ್ಕೂ ಹೆಚ್ಚು ಸಲ ಬರುತ್ತದೆ. ಯೆಹೂದಿಗಳು ಒಂದು ಸಲವೂ ಉಚ್ಚರಿಸುವುದಿಲ್ಲ. ಕಣ್ಣಿಗೆ ಬಿದ್ದಲ್ಲೆಲ್ಲ 'ಅದೋನಾಯ್', ನನ್ನ ಒಡೆಯ, ಎಂದು ಓದಿ ಮುಂದೆ ಹೋಗುತ್ತಾರೆ. ಆ ಪದದ ಸ್ವರಚಿಹ್ನೆಗಳನ್ನು ಈ ನಾಲ್ಕು ಅಕ್ಷರಕ್ಕೆ ಕೂಡಿಸಿ ಓದಿದವರಿಂದ 'ಯೆಹೋವ' ಹುಟ್ಟಿತು. ಪ್ರೊಟೆಸ್ಟೆಂಟರ ಕನ್ನಡ ಸತ್ಯವೇದದಲ್ಲಿ ಇರುವುದು ಅದೇ. ಕಥೊಲಿಕರ ಕನ್ನಡ ಬೈಬಲು 'ಸರ್ವೇಶ್ವರ' ಅನ್ನುತ್ತದೆ. ಆದರೆ ಹೆಸರಿಗೂ ಅದರದೇ ಹಟ. ನಮ್ಮ ಕಡೆಯ ಕ್ರೈಸ್ತರ ಹೆಸರುಗಳಲ್ಲಿ ಮತಾಯಸ್ ಅಂದರೆ ಅವನ ಕೊಡುಗೆ, ಜುವಾಂವ್ ಅಂದರೆ ಅವನ ಕೃಪೆ. ಬಾಯಲ್ಲಿ ಬರಬಾರದ ಹೆಸರಿನ ಚೂರು ಮಡಂತ್ಯಾರಿನಿಂದ ಮೂಡುಬಿದಿರೆಯವರೆಗೆ ಹಾಜರಿ ಪುಸ್ತಕಗಳಲ್ಲಿ ದಿನಾ ಕೂಗಿಸಿಕೊಳ್ಳುತ್ತಿದೆ.

ಹೆಸರು ಹೇಳದಿರುವುದರಲ್ಲಿ ನನ್ನ ಅಜ್ಜಿಯೂ ಕಡಿಮೆಯವಳಲ್ಲ. ಅಜ್ಜನಿಗೆ ಧರ್ಮಸ್ಥಳದ ಸ್ವಾಮಿಯದೇ ಹೆಸರು. ಅಜ್ಜ ಹಾಸಿಗೆ ಹಿಡಿದ ವರ್ಷ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದಳು. ಸೇವೆಯ ರಶೀದಿ ಬರೆಯುವವರು ಕೇಳಿದರು:

"ಯಾರ ಹೆಸರಲ್ಲಿ ಅಮ್ಮಾ?"

"ನಮ್ಮ ಮನೆಯವರದ್ದು."

"ಹೆಸರು ಹೇಳಿ."

"ಒಳಗೆ ಇದ್ದಾರಲ್ಲ, ಅವರದ್ದೇ."

"ಒಳಗೆ ಇರುವುದು ದೇವರು!"

"ಹಾಂ, ಅದೇ."

ಹಿಂದೆ ನಿಂತ ಸಾಲು ಗೊಣಗಿತು. ಆಕೆಗೆ ಅದರ ಗೊಡವೆ ಇರಲಿಲ್ಲ. ಅಜ್ಜ ಹೋದ ಮೇಲೂ "ಅವರು" ಅಂತಲೇ ನಡೆಯಿತು, ಅದೂ ವರ್ತಮಾನಕಾಲದಲ್ಲಿ: ಅವರಿಗೆ ಹುಳಿ ಆಗುವುದಿಲ್ಲ, ಅವರು ಈ ಕುರ್ಚಿಯಲ್ಲೇ ಕೂರುವುದು.

ಹೀಗೆ ನಾಲಿಗೆ ಕಾಯುವವನೊಬ್ಬ ಒಂಬತ್ತು ಶತಮಾನದ ಹಿಂದೆ ನಮ್ಮ ಕರಾವಳಿಯಲ್ಲೇ ಇದ್ದ. ಟುನೀಸಿಯದಿಂದ ಬಂದ ಅಬ್ರಹಾಂ ಬೆನ್ ಯಿಜು, ಶಾಸ್ತ್ರ ಬಲ್ಲ ಯೆಹೂದಿ ವ್ಯಾಪಾರಿ. 1132ರಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. 1149ರಲ್ಲಿ ಏಡನ್ನಿಗೆ ಮರಳಿದ. ಇಲ್ಲಿಂದ ಅಡಿಕೆ, ಕಾಳುಮೆಣಸು ಕಳುಹಿಸುತ್ತಿದ್ದ. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಕಾಗದ ಬರುತ್ತಿದ್ದವು. ಅಡಿಕೆಯ ಹಣ ಬಾಕಿ ಇಟ್ಟವರನ್ನು ಅವನೂ ಬೈದಿರಬೇಕು, ನಮ್ಮ ತೋಟದವರಿಗೆ ಬೇಗ ಅರ್ಥವಾಗುವ ಮನುಷ್ಯ. ಅವನ ಮನೆಯಲ್ಲಿದ್ದ ಬೊಮ್ಮ ಎಂಬ ಆಳನ್ನು ಹುಡುಕಿಕೊಂಡು ಅಮಿತಾವ್ ಘೋಷ್ ಮಂಗಳೂರಿಗೆ ಬಂದು, 1992ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಇಷ್ಟೆಲ್ಲ ಉಳಿದದ್ದು ಹೇಗೆಂದರೆ, ದೇವರ ಹೆಸರಿರುವ ಬರಹವನ್ನು ಯೆಹೂದಿಗಳು ಹರಿದು ಎಸೆಯುವಂತಿಲ್ಲ. ಹಳೆ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಅಂಥವಕ್ಕೆಂದೇ ಒಂದು ಕೋಣೆ, ಗೆನಿಜಾ. ಯಾವುದರಲ್ಲಿ ಹೆಸರಿದೆ ಯಾವುದರಲ್ಲಿ ಇಲ್ಲ ಎಂದು ನೋಡುವ ರಗಳೆ ಬೇಡವೆಂದು ಜನ ಸಾಲದ ಚೀಟಿ, ಸಾಮಾನಿನ ಪಟ್ಟಿ ಎಲ್ಲವನ್ನೂ ಅಲ್ಲಿ ತುರುಕಿದರು; ಬೆನ್ ಯಿಜುವಿನ ಕಾಗದಗಳೂ ಅಲ್ಲೇ ಸೇರಿದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು.

ನಮ್ಮ ಅಟ್ಟದಲ್ಲೂ ಒಂದು ಗೆನಿಜಾ ಇತ್ತು. ಮದುವೆ ಕಾಗದದ ತಲೆಯಲ್ಲಿ ದೇವರ ಹೆಸರಿರುತ್ತದೆ, ಕಾಲಿಗೆ ಸಿಗಬಾರದು ಎಂದು ಅಜ್ಜಿ ಬಂದ ಕಾಗದವನ್ನೆಲ್ಲ ಬಾಳೆನಾರಿನಲ್ಲಿ ಕಟ್ಟಿ, ಅಡಿಕೆ ಗೋಣಿಯ ಪಕ್ಕ ಇಡುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಒಂದು ದಿನ ಕಟ್ಟು ಇಳಿಸಿದೆ. ಕೈರೋದ ಒಣಹವೆ ನಮಗೆಲ್ಲಿಂದ? ನಾಲ್ಕು ತಿಂಗಳು ಮಳೆ ಹೊಡೆಯುವ ಊರು. ಗೆದ್ದಲು 'ಪ್ರಸನ್ನ'ದ ಕಡೆಯಿಂದಲೇ ಶುರುಮಾಡಿ ವಧೂವರರ ತನಕ ತಿಂದಿತ್ತು. ಎಲ್ಲ ಕಾಗದದಲ್ಲೂ ಅಡಿಯ ಸಾಲು ಮಾತ್ರ ಚೆನ್ನಾಗಿ ಓದಲು ಬರುತ್ತಿತ್ತು: ಆಶೀರ್ವಾದವೇ ಉಡುಗೊರೆ.