ರಾತ್ರಿ ಎರಡರಿಂದ ಎಂಟರವರೆಗೆ

ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರುವಾದದ್ದು 2005ರಲ್ಲಿ. ತಿಂಗಳಿಗೆ 500 ರೂಪಾಯಿಯ ಯೋಜನೆಯಲ್ಲಿ ಹಗಲಿನ ಬಳಕೆಗೆ ಮಿತಿ ಇತ್ತು; ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಾತ್ರ ಎಷ್ಟು ಬೇಕಾದರೂ ಬಳಸಬಹುದಿತ್ತು. ಆ ಆರು ಗಂಟೆಗಳಲ್ಲಿ ನಮ್ಮ ವಯಸ್ಸಿನ ಹುಡುಗರು ಸಿನಿಮಾ ಇಳಿಸಿಕೊಂಡರು, ಹಾಡು ಇಳಿಸಿಕೊಂಡರು. ನಾವು ಕೆಲವರು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡಿದೆವು.

ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ಲೋಕದೊಳಗಿದ್ದು, ತಲಾ ಒಂದು ಪಾತ್ರವನ್ನು ಬೆಳೆಸಿಕೊಂಡು ಹೋಗುವ ಆನ್‌ಲೈನ್ ಆಟ ಅದು. ಈ ಜಾತಿಯ ಆಟಗಳಿಗೆ ಆಡುವವರು ಎಂಎಂಒ ಅನ್ನುತ್ತಾರೆ. ಅಮೆರಿಕದಲ್ಲಿ 2004ರ ನವೆಂಬರಿನಲ್ಲಿ, ಯುರೋಪಿನಲ್ಲಿ 2005ರ ಫೆಬ್ರುವರಿಯಲ್ಲಿ ಬಂತು. ಭಾರತದಲ್ಲಿ ಅದರ ಸರ್ವರ್ ಇರಲಿಲ್ಲ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಕೂತು ಯುರೋಪಿನ ಸರ್ವರಿನಲ್ಲಿ ಆಡುತ್ತಿದ್ದೆ. ತಿಂಗಳ ಚಂದಾ 12.99 ಯೂರೋ, ಅಂದರೆ ಆಗಿನ ಸುಮಾರು ಏಳುನೂರು ರೂಪಾಯಿ. ಇಂಜಿನಿಯರಿಂಗ್ ಓದುವ ಹುಡುಗನಿಗೆ ಅದು ಸಣ್ಣ ದುಡ್ಡಲ್ಲ. ಲಂಡನ್ನಿನಲ್ಲಿದ್ದ ಚಿಕ್ಕಪ್ಪನ ಮಗ ಎರಡು ತಿಂಗಳಿನ ಕಾರ್ಡ್ ಕೊಂಡು, ಅದರ ಮೇಲಿನ ಸಂಖ್ಯೆಯನ್ನು ಇಮೇಲ್ ಮಾಡುತ್ತಿದ್ದ.

ನಮ್ಮ ಗಿಲ್ಡಿನಲ್ಲಿ, ಅಂದರೆ ಒಟ್ಟಿಗೆ ಆಡುವ ತಂಡದಲ್ಲಿ, ಹೆಚ್ಚಿನವರು ಇಂಗ್ಲಿಷರು, ಸ್ವೀಡನ್ನಿನವರು, ಒಂದಿಬ್ಬರು ರೊಮೇನಿಯಾದವರು. ಇಲ್ಲಿ ಎರಡು ಗಂಟೆಯೆಂದರೆ ಚಳಿಗಾಲದ ಇಂಗ್ಲೆಂಡಿನಲ್ಲಿ ರಾತ್ರಿ ಎಂಟೂವರೆ, ಅವರು ಊಟ ಮುಗಿಸಿ ರೇಡಿಗೆ, ಅಂದರೆ ಗುಂಪಾಗಿ ದೊಡ್ಡ ರಾಕ್ಷಸರನ್ನು ಎದುರಿಸಲು ಕೂರುವ ಹೊತ್ತು. ‘ಮೋಲ್ಟನ್ ಕೋರ್’ ಎಂಬ ಬೆಂಕಿಯ ಗುಹೆಗೆ ನಲವತ್ತು ಜನ ಸೇರಿ ಹೋಗಬೇಕು. ನನ್ನದು ಪ್ರೀಸ್ಟ್ ಪಾತ್ರ. ಮುಂದೆ ನಿಂತು ಪೆಟ್ಟು ತಿನ್ನುವ ಟ್ಯಾಂಕಿನ ಜೀವ ಕಾಯುವುದು ಕೆಲಸ. ಅಷ್ಟು ದೂರದ ಸರ್ವರಾದ್ದರಿಂದ ನನ್ನ ಪಿಂಗ್, ಅಂದರೆ ಸಂದೇಶ ಸರ್ವರಿಗೆ ಹೋಗಿ ಮರಳುವ ಸಮಯ, ನಾನೂರು ಮಿಲಿಸೆಕೆಂಡಿನ ಆಸುಪಾಸು. ಜೀವ ತುಂಬುವ ದೊಡ್ಡ ಮಂತ್ರ, ಹೀಲ್, ಮುಗಿಯಲು ಎರಡೂವರೆ ಸೆಕೆಂಡ್ ಹಿಡಿಯುತ್ತದೆ. ಪೆಟ್ಟು ಬಿದ್ದದ್ದು ಕಂಡ ಮೇಲೆ ಶುರು ಮಾಡಿದರೆ ಅಷ್ಟರಲ್ಲಿ ಟ್ಯಾಂಕ್ ಸತ್ತಿರುತ್ತಾನೆ. ಹಾಗಾಗಿ ಪೆಟ್ಟು ಬೀಳುವ ಮುಂಚೆಯೇ ಮಂತ್ರ ಶುರು ಮಾಡಬೇಕು. ಬೀಳದೇ ಹೋದರೆ ಕೊನೇ ಗಳಿಗೆಯಲ್ಲಿ ಒಂದು ಹೆಜ್ಜೆ ಸರಿದು ಅದನ್ನು ಮುರಿಯಬೇಕು, ಆಗ ಮಂತ್ರಕ್ಕೆ ಬೇಕಾದ ಶಕ್ತಿ, ಮಾನಾ, ಉಳಿಯುತ್ತದೆ. ರಾಕ್ಷಸನ ಕೈ ಮೇಲೇಳುವ ಬಗೆ, ಟ್ಯಾಂಕ್ ಆಡುವವನ ದನಿ ನಾವು ಮಾತಾಡಲು ಬಳಸುತ್ತಿದ್ದ ವೆಂಟ್ರಿಲೋದಲ್ಲಿ ಬಿಗಿಯಾಗುವ ಬಗೆ, ಎರಡನ್ನೂ ನೋಡಿ ಕೇಳಿ ಅಂದಾಜು ಹಿಡಿಯಬೇಕಿತ್ತು. ಇದನ್ನು ಹೇಳಿಕೊಡುವ ವಿಡಿಯೊ ಇರಲಿಲ್ಲ. ನಮ್ಮ ಗಿಲ್ಡಿನ ಇನ್ನೊಬ್ಬ ಹೀಲರ್, ಮ್ಯಾಂಚೆಸ್ಟರಿನ ಶಾಲಾ ಮಾಸ್ತರು, ವಾರಗಟ್ಟಲೆ ಪಕ್ಕದಲ್ಲಿ ನಿಂತು ಕಲಿಸಿದರು.

ಐದು ಗಂಟೆಗೆ ಬೀದಿಯ ಕೊನೆಯ ದೇವಸ್ಥಾನದಲ್ಲಿ ಸುಪ್ರಭಾತ ಹಾಕುತ್ತಿದ್ದರು. ನನ್ನ ಮೈಕಿನಿಂದ ಅದು ನಲವತ್ತು ಮನೆಗಳಿಗೂ ಹೋಗುತ್ತಿತ್ತು. ಸ್ವೀಡನ್ನಿನಲ್ಲಿ ಆಗ ನಡುರಾತ್ರಿ ದಾಟಿರುತ್ತಿತ್ತು. ರೇಡ್ ನಡೆಸುವ ಹುಡುಗ ಅದನ್ನೇ ಗಂಟೆಯೆಂದು ಹಿಡಿದು “ಇನ್ನೊಂದೇ ಸಲ ನೋಡೋಣ” ಅನ್ನುತ್ತಿದ್ದ. ಗಿಲ್ಡಿಗೆ ಹೊಸದಾಗಿ ಸೇರಿದ್ದ, ಹಂಟರ್ ಪಾತ್ರ ಆಡುವ ಒಬ್ಬ ಒಂದು ಬೆಳಗಿನ ಜಾವ ನನಗೊಬ್ಬನಿಗೇ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡಿ ಕಳಿಸಿದ: “ಅದು ಸುಪ್ರಭಾತ ಅಲ್ಲೇನ್ರಿ? ಯಾವೂರ್ರಿ ನಿಮ್ದು?” ಹುಬ್ಬಳ್ಳಿ ವಿದ್ಯಾನಗರದವನು. ಇವತ್ತಿಗೂ ನನ್ನ ಹತ್ತಿರದ ಗೆಳೆಯ.

ಆ ಕಾಲದಲ್ಲಿ ಹೊಸ ಆಟಕ್ಕೆ ಕಾಯುವುದೆಂದರೆ ನಿಜವಾಗಿ ಕಾಯುವುದೇ. ‘ಬರ್ನಿಂಗ್ ಕ್ರುಸೇಡ್’ ಎಂಬ ಮೊದಲ ವಿಸ್ತರಣೆಯನ್ನು ಪ್ರಕಟಿಸಿದ್ದು 2005ರ ಅಕ್ಟೋಬರಿನಲ್ಲಿ, ಬಂದದ್ದು 2007ರ ಜನವರಿ 16ಕ್ಕೆ. ನಡುವಿನ ಅಷ್ಟೂ ತಿಂಗಳು ನಮಗೆ ಸಿಕ್ಕಿದ್ದು ಒಂದು ಟ್ರೇಲರ್, ಕೆಲವು ಚಿತ್ರಗಳು. ಯೂನಿವರ್ಸಿಟಿ ಹತ್ತಿರದ ಸೈಬರ್ ಕೆಫೆಯ ಅಣ್ಣ ‘ಡಿಜಿಟ್’ ಪತ್ರಿಕೆಯ ಜೊತೆ ಬರುವ ಡಿವಿಡಿಯನ್ನು ನಮಗಾಗಿ ಎತ್ತಿಡುತ್ತಿದ್ದರು. ಕೌಂಟರ್ ಸ್ಟ್ರೈಕ್ ಆಡುವ ಹುಡುಗರು ಎದ್ದ ಮೇಲೆ ಅದೇ ಕುರ್ಚಿಗಳಲ್ಲಿ ಕೂತು ಆ ಎರಡು ನಿಮಿಷದ ತುಣುಕನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆವು. ಹಿಂದೆ ಕಾಣುವ ಗುಡ್ಡ ಯಾವುದು, ಅಲ್ಲಿಗೆ ಹಾರಿಕೊಂಡು ಹೋಗಬಹುದಾ ಎಂದು ಗಂಟೆಗಟ್ಟಲೆ ಮಾತು. ಆ ಮಾತೂ ಆಟದ ಭಾಗವೇ ಆಗಿತ್ತು. ಇವತ್ತು ಆ ಕೆಫೆ ಇದ್ದ ಜಾಗದಲ್ಲಿ ಪಹಣಿ, ಜಾತಿ ಪ್ರಮಾಣಪತ್ರ, ಸಿಇಟಿ ಅರ್ಜಿ ತುಂಬಿಕೊಡುತ್ತಾರೆ. ಅಣ್ಣ ಅದನ್ನೇ ನಡೆಸುತ್ತಾರೆ. ಕಂಪ್ಯೂಟರ್ ಎರಡೇ ಉಳಿದಿವೆ.

ಸಂಕ್ರಾಂತಿ ಮುಗಿದ ಕೂಡಲೇ ಆಟ ಬಂತು. ಎಳ್ಳುಬೆಲ್ಲದ ಡಬ್ಬಿಯನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡು ಹೊಸ ಲೋಕದೊಳಗೆ ಕಾಲಿಟ್ಟೆ. ಮೊದಲ ದಿನವೇ ಒಬ್ಬ ಸಾಮಾನ್ಯ ಸಿಪಾಯಿ ಯಾವುದೋ ಸಣ್ಣ ಕೆಲಸಕ್ಕೆ ಪ್ರತಿಯಾಗಿ ನನಗೊಂದು ಹಸಿರು ಬಣ್ಣದ ನಿಲುವಂಗಿ ಕೊಟ್ಟ. ಹಸಿರು ಅಂದರೆ ಕೆಳದರ್ಜೆ, ನೇರಳೆ ಅಂದರೆ ಮೇಲ್ದರ್ಜೆ. ಮೋಲ್ಟನ್ ಕೋರಿನಲ್ಲಿ ತಿಂಗಳುಗಟ್ಟಲೆ ನಿದ್ದೆಗೆಟ್ಟು, ಸರದಿ ಬಂದಾಗ ಮೂವತ್ತೊಂಬತ್ತು ಜನ ಒಪ್ಪಿ ಕೊಟ್ಟ ನನ್ನ ನೇರಳೆ ನಿಲುವಂಗಿಗಿಂತ ಅದು ಚೆನ್ನಾಗಿತ್ತು. ಬದಲಾಯಿಸಿಕೊಂಡೆ, ಬೇರೆ ದಾರಿ ಇರಲಿಲ್ಲ. ಈ ಆಟದಲ್ಲಿ ದಣಿವು ಅನ್ನುವುದು ನನಗೆ ಮೊದಲು ಗೊತ್ತಾದದ್ದು ಆಗ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕಡೆಯಿಂದ ಬಿತ್ತು. ಹೊಸ ರೇಡುಗಳಿಗೆ ಇಪ್ಪತ್ತೈದೇ ಜನ ಸಾಕು, ಕೆಲವಕ್ಕೆ ಹತ್ತು. ನಲವತ್ತರ ಗಿಲ್ಡಿನಲ್ಲಿ ಉಳಿದ ಹದಿನೈದು ಜನ ಎಲ್ಲಿಗೆ ಹೋಗಬೇಕು? ಮಾಸ್ತರು ಕೆಲಸವಿದೆಯೆಂದು ತಾವಾಗಿಯೇ ಹಿಂದೆ ಸರಿದರು. ಅವರಿಗೆ ಆ ವಾರ ಕೆಲಸವೇನೂ ಇರಲಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಆಮೇಲೆ ಆಟ ಸುಲಭವಾಗುತ್ತ ಹೋಯಿತು, ಜನ ಹೆಚ್ಚುತ್ತ ಹೋದರು. 2007ರಲ್ಲಿ ಡೈಲಿಗಳು ಬಂದವು: ದಿನಾ ಲಾಗಿನ್ ಆಗಿ ಅವೇ ಕೆಲಸ, ಅದೇ ಸಂಬಳ. 2009ರ ಡಿಸೆಂಬರಿನಲ್ಲಿ ಡಂಜನ್ ಫೈಂಡರ್ ಬಂತು. ಅಲ್ಲಿಯವರೆಗೆ ಊರಿನ ನಡುವೆ ನಿಂತು “ಒಬ್ಬ ಹೀಲರ್ ಬೇಕು” ಎಂದು ಕೂಗಬೇಕಿತ್ತು, ಬಂದವರ ಜೊತೆ ದಾರಿ ನಡೆಯಬೇಕಿತ್ತು, ಚೆನ್ನಾಗಿ ಆಡಿದವರ ಹೆಸರು ನೆನಪಿಡಬೇಕಿತ್ತು. ಈಗ ಒಂದು ಬಟನ್ ಒತ್ತಿದರೆ ಬೇರೆ ಬೇರೆ ಸರ್ವರಿನ ಐವರು ಗುಹೆಯೊಳಗೇ ಬಂದು ಬೀಳುತ್ತಾರೆ, ಮಾತಿಲ್ಲದೆ ಮುಗಿಸುತ್ತಾರೆ, ಮತ್ತೆಂದೂ ಸಿಗುವುದಿಲ್ಲ. 2010ರ ಅಕ್ಟೋಬರಿನಲ್ಲಿ ಚಂದಾದಾರರು 1 ಕೋಟಿ 20 ಲಕ್ಷ ಮುಟ್ಟಿದರು. ಆ ಹೊತ್ತಿಗೆ ನಮ್ಮ ಗಿಲ್ಡಿನ ಪಟ್ಟಿಯಲ್ಲಿ ಹಸಿರು ದೀಪ ಉರಿಯುತ್ತಿದ್ದದ್ದು ಬೆರಳೆಣಿಕೆಯ ಹೆಸರುಗಳ ಮುಂದೆ. ಅನುಕೂಲ ಮಾಡಿಕೊಟ್ಟವರ ಉದ್ದೇಶ ಒಳ್ಳೆಯದೇ ಇತ್ತು, ಕೇಳಿದವರೂ ನಾವೇ. ಆದರೆ ಒಬ್ಬರನ್ನೊಬ್ಬರು ಕೇಳುವ ಅಗತ್ಯ ಹೋದ ಮೇಲೆ ಉಳಿದದ್ದು ಬರೀ ಕೆಲಸ ಎಂದು ನಾನು ನಂಬುತ್ತೇನೆ.

ಈ ನಡುವೆಯೇ ಕಣ್ಣು ಬೇರೆ ಆಟಗಳ ಕಡೆ ಹೋಗಿತ್ತು. ‘ಏಜ್ ಆಫ್ ಕೋನನ್’, ‘ವಾರ್‌ಹ್ಯಾಮರ್ ಆನ್‌ಲೈನ್’, ಎರಡೂ 2008ರಲ್ಲಿ. 2011ರ ಡಿಸೆಂಬರಿನಲ್ಲಿ ‘ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್’, ಮೂರೇ ದಿನದಲ್ಲಿ ಹತ್ತು ಲಕ್ಷ ಜನ, ವರ್ಷ ತುಂಬುವುದರೊಳಗೆ ಚಂದಾ ಬಿಟ್ಟು ಉಚಿತ. ಪ್ರತಿ ಸಲವೂ ಗೆಳೆಯ ಹುಬ್ಬಳ್ಳಿಯಿಂದ ಫೋನ್ ಮಾಡಿ “ಈ ಸಲ ಪಕ್ಕಾ ನೋಡ್ ದೋಸ್ತ” ಅನ್ನುತ್ತಿದ್ದ. ಪ್ರತಿ ಸಲವೂ ಒಂದೆರಡು ತಿಂಗಳು ಆಡಿ ಬಿಡುತ್ತಿದ್ದೆವು.

‘ವೈಲ್ಡ್‌ಸ್ಟಾರ್’ ವಿಷಯ ಮಾತ್ರ ನನ್ನನ್ನು ಈಗಲೂ ಕಾಡುತ್ತದೆ. 2014ರ ಜೂನ್‌ನಲ್ಲಿ ಬಂತು. ನಮ್ಮಂಥ ಹಳಬರು ಬೇಡಿಕೊಂಡದ್ದನ್ನೇ ಕೊಟ್ಟಿದ್ದರು: ನಲವತ್ತು ಜನರ ರೇಡು, ಅದರೊಳಗೆ ಹೋಗಲು ಉದ್ದುದ್ದ ಅರ್ಹತಾ ಪರೀಕ್ಷೆ. ಆದರೆ ನಲವತ್ತು ಜನ ಸಿಗಬೇಕಲ್ಲ? ಇಪ್ಪತ್ತರ ಹುಡುಗರಾಗಿ ಕೇಳಿದ್ದೆವು, ಕೈಗೆ ಬರುವಾಗ ಮೂವತ್ತು ಸಮೀಪಿಸಿತ್ತು. ನನಗೆ ವೈಟ್‌ಫೀಲ್ಡಿನಲ್ಲಿ ಕೆಲಸ, ಬೆಳಿಗ್ಗೆ ಎಂಟಕ್ಕೆ ಕ್ಯಾಬ್. ಗೆಳೆಯನಿಗೆ ಮಗಳು ಹುಟ್ಟಿದ್ದಳು. ರಾತ್ರಿ ಎರಡಕ್ಕೆ ಏಳಲು ಯಾರಿಗೂ ಆಗಲಿಲ್ಲ. 2018ರ ನವೆಂಬರಿನಲ್ಲಿ ಆ ಲೋಕವನ್ನು ಮುಚ್ಚಿದರು. ಅದನ್ನು ಕಟ್ಟಿದವರು ಮನಸಾರೆ ಕಟ್ಟಿದ್ದರು. ಅವರ ಬಗ್ಗೆ ನನಗೆ ಗೌರವವೇ ಇದೆ.

2019ರ ಆಗಸ್ಟಿನಲ್ಲಿ ವಾರ್‌ಕ್ರಾಫ್ಟಿನ ಹಳೆಯ ರೂಪವನ್ನೇ ‘ಕ್ಲಾಸಿಕ್’ ಎಂದು ಮತ್ತೆ ತಂದರು. ಅದೇ ಗುಹೆ, ಅದೇ ನಲವತ್ತು ಜನ. ಮೋಲ್ಟನ್ ಕೋರಿನ ದೊರೆ ರಾಗ್ನರೋಸನನ್ನು ಮೊದಲ ಬಾರಿ ಜಗತ್ತಿನಲ್ಲಿ ಯಾರಾದರೂ ಕೊಂದದ್ದು 2005ರ ಏಪ್ರಿಲಿನಲ್ಲಿ, ಆಟ ಬಂದು ಐದು ತಿಂಗಳಾದ ಮೇಲೆ. ಕ್ಲಾಸಿಕ್‌ನಲ್ಲಿ ಅವನು ಒಂದು ವಾರವೂ ಬಾಳಲಿಲ್ಲ. ಯಾವ ಕ್ಷಣದಲ್ಲಿ ಎಲ್ಲಿ ನಿಲ್ಲಬೇಕು, ಯಾವ ಉಂಗುರ ಬೇಕು, ಎಲ್ಲ ಹದಿನೈದು ವರ್ಷಗಳಲ್ಲಿ ಲೆಕ್ಕ ಹಾಕಿಟ್ಟಾಗಿತ್ತು.

ಯಕ್ಷಗಾನಕ್ಕೆ ಹೋಗುವವನಿಗೆ ಗದಾಯುದ್ಧದ ಕಥೆ ಗೊತ್ತೇ ಇರುತ್ತದೆ, ಆದರೂ ಇಡೀ ರಾತ್ರಿ ಕೂರುತ್ತಾನೆ. ಹಾಗಾದರೆ ಆಟದಲ್ಲಿ ಎಲ್ಲ ಗೊತ್ತಿದ್ದರೆ ಬೇಸರವೇಕೆ ಎಂದು ಶಿರಸಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಅಲ್ಲಿ ಕಥೆ ಹಳೆಯದಾದರೂ ಕೌರವನ ಮಾತು ಆ ರಾತ್ರಿ ಹುಟ್ಟುತ್ತದೆ, ಎದುರಿನ ಭೀಮ ಅದಕ್ಕೆ ಅಲ್ಲೇ ಉತ್ತರ ಹುಡುಕಬೇಕು. ನಮ್ಮ ಆಟದಲ್ಲಿ ಆ ಮಾತಿನ ಜಾಗವನ್ನೇ ಲೆಕ್ಕಾಚಾರ ತುಂಬಿಬಿಟ್ಟಿತು. ಪಟ್ಟಿಯಲ್ಲಿರುವಂತೆ ಆಡದವನನ್ನು ಗುಂಪಿನಿಂದ ತೆಗೆಯುತ್ತಾರೆ. ನನ್ನ ಹಾಗೆ ನಾನೂರು ಪಿಂಗಿನ ಹುಡುಗನೊಬ್ಬ ಇವತ್ತು ಬಂದರೆ ಅವನ ಪಕ್ಕ ವಾರಗಟ್ಟಲೆ ನಿಲ್ಲುವ ಮಾಸ್ತರು ಸಿಗುವುದು ಕಷ್ಟ.

ಬಿಡುಗಡೆಗೂ ಮುಂಚೆಯೇ ದಣಿಯುವುದನ್ನು ನಾನು ಕಣ್ಣಾರೆ ಕಂಡದ್ದು ‘ನ್ಯೂ ವರ್ಲ್ಡ್’ ಬಂದಾಗ. 2016ರಲ್ಲಿ ಪ್ರಕಟಿಸಿ, ಹಲವು ಸಲ ಮುಂದೂಡಿ, ಕಡೆಗೆ 2021ರ ಸೆಪ್ಟೆಂಬರ್ 28ಕ್ಕೆ ಬಿಟ್ಟರು. ನಮ್ಮ ಟೀಮಿನ ಒಬ್ಬ ಹುಡುಗ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ, ಬೀಟಾ, ಆಡಿ ಒಂದು ಎಕ್ಸೆಲ್ ಹಾಳೆ ತಯಾರಿಸಿದ್ದ. ಮೊದಲ ಕಾಲಮ್ಮಿನಲ್ಲಿ ಲೆವೆಲ್, ಎರಡನೆಯದರಲ್ಲಿ ಯಾವ ಊರು, ಮೂರನೆಯದರಲ್ಲಿ ಎಷ್ಟು ನಾರು, ಎಷ್ಟು ಕಬ್ಬಿಣ, ಕೊನೆಯದರಲ್ಲಿ ಎಷ್ಟು ನಿಮಿಷ. ಆಫೀಸಿನ ಸ್ಪ್ರಿಂಟ್ ಹಾಳೆಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ, ಬಣ್ಣಗಳೂ ಅವೇ. ಬಿಡುಗಡೆಯ ಹೊತ್ತಿಗೆ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಒಂದೇ ಸಮಯಕ್ಕೆ 9 ಲಕ್ಷ 13 ಸಾವಿರ ಜನ. ಒಳಗೆ ಹೋಗಲು ಗಂಟೆಗಟ್ಟಲೆ ಕ್ಯೂ. ಅವನು ರಜೆ ಹಾಕಿ ಹಾಳೆಯ ಪ್ರಕಾರವೇ ಆಡಿದ. ಎರಡು ವಾರದಲ್ಲಿ ವಾಪಸ್ ಬಂದು “ಮುಗೀತು ಸರ್” ಅಂದ. ಮುಖದಲ್ಲಿ ರಜೆಯ ಗೆಲುವಿರಲಿಲ್ಲ. ಕೆಲವೇ ತಿಂಗಳಲ್ಲಿ ಆ ಆಟದ ಖಾಲಿ ಸರ್ವರುಗಳನ್ನು ಒಂದಕ್ಕೊಂದು ಸೇರಿಸತೊಡಗಿದರು.

ಈಗ ಕಾಯುವುದಕ್ಕೂ ಬೆಲೆ ಕಟ್ಟಿದ್ದಾರೆ. ‘ಆಶಸ್ ಆಫ್ ಕ್ರಿಯೇಷನ್’ ಆಟ ತಯಾರಾಗುವ ಮುಂಚೆ, 2017ರಲ್ಲೇ, ಹಣ ಎತ್ತುವ ತಾಣವಾದ ಕಿಕ್‌ಸ್ಟಾರ್ಟರಿನಲ್ಲಿ ಜನರಿಂದ 32 ಲಕ್ಷ ಡಾಲರಿಗೂ ಹೆಚ್ಚು ಎತ್ತಿತು. ‘ಸ್ಟಾರ್ ಸಿಟಿಜನ್’ 2012ರಿಂದ ಹಣ ಎತ್ತುತ್ತಲೇ ಇದೆ. ಮಗು ಹುಟ್ಟಿ ಹೈಸ್ಕೂಲಿಗೆ ಹೋಗುವಷ್ಟು ಕಾಲ ಒಂದು ಆಟವನ್ನು ಆಸೆಯಲ್ಲೇ ಇಟ್ಟರೆ, ಅದು ಎಷ್ಟೇ ಚೆನ್ನಾಗಿ ಬಂದರೂ ಆ ಆಸೆಗೆ ಸಮ ಆಗುವುದಿಲ್ಲ.

ಹುಬ್ಬಳ್ಳಿಯ ಗೆಳೆಯನೂ ನಾನೂ ಈಗ ಆಡುವುದು ‘ಫೈನಲ್ ಫ್ಯಾಂಟಸಿ 14’. 2010ರಲ್ಲಿ ಬಂದು ಸೋತ ಆಟ ಅದು. ನಿರ್ಮಾಪಕ ನವೊಕಿ ಯೊಶಿದಾ 2012ರಲ್ಲಿ ಕಥೆಯೊಳಗೇ ಚಂದ್ರನನ್ನು ಬೀಳಿಸಿ ಆ ಲೋಕವನ್ನು ಅಳಿಸಿ, 2013ರ ಆಗಸ್ಟಿನಲ್ಲಿ ಹೊಸದಾಗಿ ಕಟ್ಟಿ ಕೊಟ್ಟರು. 2021ರ ಡಿಸೆಂಬರಿನಲ್ಲಿ ಸರ್ವರ್ ತುಂಬಿ ತುಳುಕಿದಾಗ ಮಾರಾಟವನ್ನೇ ಕೆಲ ಕಾಲ ನಿಲ್ಲಿಸಿದರು. ಬೇಸರವಾದರೆ ಚಂದಾ ನಿಲ್ಲಿಸಿ ಬೇರೆ ಆಟ ಆಡಿ, ಹೊಸದು ಬಂದಾಗ ಮರಳಿ ಬನ್ನಿ ಎಂದು ಯೊಶಿದಾ ಬಹಿರಂಗವಾಗಿಯೇ ಹೇಳುತ್ತ ಬಂದಿದ್ದಾರೆ. ನಮ್ಮ ದಣಿವನ್ನು ಗುರುತಿಸಿ ಹೀಗೆ ಮಾತಾಡಿದ ಇನ್ನೊಬ್ಬ ನಿರ್ಮಾಪಕರನ್ನು ನಾನು ಕಂಡಿಲ್ಲ. ಹಾಗೆಯೇ ನಡೆದುಕೊಳ್ಳುತ್ತಿದ್ದೇವೆ: ವಿಸ್ತರಣೆ ಬಂದಾಗ ಚಂದಾ ಕಟ್ಟುತ್ತೇವೆ, ವಿಡಿಯೊ ನೋಡಬಾರದೆಂದು ಮೊದಲೇ ಒಪ್ಪಂದ, ಮುಗಿದ ಮೇಲೆ ನಿಲ್ಲಿಸುತ್ತೇವೆ. ಈ ಸಲ ಅವನ ಮಗಳೂ ಬರುತ್ತಾಳಂತೆ. ಅವಳಿಗೆ ಹೀಲರ್ ಆಗಬೇಕಂತೆ. ಕಲಿಸುವವನು ನಾನೇ ಎಂದು ಗೆಳೆಯ ಈಗಾಗಲೇ ಹೇಳಿಬಿಟ್ಟಿದ್ದಾನೆ.