ಕಳಸದ ದಾರಿಯಲ್ಲಿ ಗುಡುಗುವ ಮೋಟಾರು

ಕಳಸಕ್ಕೆ ಬರುವ ದಾರಿಗಳು ಮುಖ್ಯವಾಗಿ ಮೂರು. ಮೂಡಿಗೆರೆಯಿಂದ ಹೊರಟವರು ಕೊಟ್ಟಿಗೆಹಾರದಲ್ಲಿ ಚಾರ್ಮಾಡಿ ಘಾಟಿಯ ರಸ್ತೆಯನ್ನು ಬಿಟ್ಟು, ಕಾಫಿಯ ತೋಟಗಳ ನಡುವೆ ಸುತ್ತಿ ಸುಳಿದು ಬರುತ್ತಾರೆ. ಬಾಳೆಹೊನ್ನೂರಿನ ಕಡೆಯಿಂದ ಬರುವವರಿಗೆ ಭದ್ರಾನದಿ ಅಲ್ಲಲ್ಲಿ ಜೊತೆಗೊಡುತ್ತದೆ. ಕಾರ್ಕಳದವರು ಬಜಗೋಳಿಯನ್ನು ದಾಟಿ ಘಟ್ಟವನ್ನೇರಿ, ಕುದುರೆಮುಖದ ಕಾಡನ್ನೂ ಸಂಸೆಯ ಚಹಾ ತೋಟವನ್ನೂ ಕಣ್ತುಂಬ ನೋಡಿಕೊಂಡು ಇಳಿಯುತ್ತಾರೆ. ಮೂರರಲ್ಲಿ ಯಾವುದನ್ನು ಹಿಡಿದರೂ ಒಂದು ಫರ್ಲಾಂಗು ನೇರವಾದ ರಸ್ತೆ ದೊರೆತರೆ ಅದು ಪ್ರಯಾಣಿಕನ ಪುಣ್ಯವೆಂದೇ ತಿಳಿಯಬೇಕು. ಚಾಲಕನ ಎಡಗೈ ಗೇರಿನ ಹಿಡಿಯನ್ನು ಬಿಟ್ಟು ವಿಶ್ರಮಿಸುವುದೇ ಇಲ್ಲ.

ಊರು ಸಣ್ಣದು; ಹೆಸರು ಹಳೆಯದು. 13ನೆಯ ಶತಮಾನದಲ್ಲಿ ಇಲ್ಲಿಂದ ರಾಣಿಯರು ರಾಜ್ಯವಾಳಿದ್ದರು. ಮೆಟ್ಟಿಲುಗಳನ್ನೇರಿ ಹೋದರೆ ಕಳಸೇಶ್ವರನ ಸನ್ನಿಧಿ. ಕೆಳಗೆ ಊರನ್ನು ಬಳಸಿ ಹರಿಯುವ ಭದ್ರೆ. ಹೊಳೆಯ ಆಚೆಗೆ ಎರಡು ಗಾವುದವೂ ಇಲ್ಲದ ದೂರದಲ್ಲಿ ಹೊರನಾಡಿನ ಅನ್ನಪೂರ್ಣೆ. ಯಾತ್ರಿಕರ ಗದ್ದಲವಿಲ್ಲದ ದಿನ ಸಂಜೆ ಇಲ್ಲಿ ನಿಂತರೆ ಜೀರುಂಡೆಯ ಸದ್ದೂ ನೀರಿನ ಸದ್ದೂ ಬಿಟ್ಟು ಬೇರೇನೂ ಕೇಳಿಸದು. ಇಂಥ ಮೌನದಲ್ಲಿ ದೂರದ ತಿರುವಿನಲ್ಲಿ ಬರುವ ಮೋಟಾರು, ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕಾಣುತ್ತದೆ. ತೋಟದ ಮನೆಯ ಜಗಲಿಯಲ್ಲಿ ಕುಳಿತವರು ಬರುವುದು ಯಾರ ಜೀಪು, ಹೊರೆ ಇದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳಬಲ್ಲರು. ಸೈಲೆನ್ಸರು ತೂತಾದ ಬಂಡಿಯಾದರಂತೂ ಸರಿಯೇ. ಅದು ಬರುತ್ತಿರುವ ಸುದ್ದಿ ಎರಡು ಗುಡ್ಡದಾಚೆಗೆ ತಲಪಿರುತ್ತದೆ.

ಈ ಗುಡ್ಡಗಳಿಗೂ ಜೀಪಿಗೂ ಹಳೆಯ ನಂಟು. ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪನ್ನು ಈ ದೇಶದಲ್ಲಿ ಜೋಡಿಸತೊಡಗಿತು. ಮೊದಲಿನವು ಪೆಟ್ರೋಲು ಕುಡಿಯುತ್ತಿದ್ದವು. ಮುಂದೆ ಡೀಸೆಲಿನವು ಬಂದ ಮೇಲೆ ಮಲೆನಾಡಿನ ಮಣ್ಣಿನ ದಾರಿಗಳನ್ನೆಲ್ಲ ಅವೇ ಆಕ್ರಮಿಸಿದವು. ಪೇಟೆಯ ಸಂಸಾರಗಳು ಡೀಸೆಲ್ ಕಾರನ್ನು ಕಂಡದ್ದು 1980ರ ಸುಮಾರಿಗೆ, ಅಂಬಾಸಿಡರಿನ ರೂಪದಲ್ಲಿ. ಇಂದಿಗೂ ಬಾಳೆಗಲ್ಲಿನಿಂದ ಮುಳ್ಳೋಡಿಗೆ ಕುದುರೆಮುಖದ ಚಾರಣಿಗರನ್ನು ಹೊತ್ತೊಯ್ಯುವುದೂ, ಹೊರನಾಡಿನ ಬಳಿಯ ಕ್ಯಾತನಮಕ್ಕಿಯ ಕಡಿದಾದ ಏರನ್ನು ಹತ್ತುವುದೂ ಡೀಸೆಲ್ ಜೀಪುಗಳೇ. ಚಳಿಗಾಲದಲ್ಲಿ ಕಾಫಿಯ ಕೊಯ್ಲು ಬಂತೆಂದರೆ ಅವೇ ಜೀಪುಗಳು ಬೆಳಿಗ್ಗೆ ಆಳುಗಳನ್ನು ಹೊರುತ್ತವೆ, ಸಂಜೆ ಮೂಟೆಗಳನ್ನು.

ಡೀಸೆಲ್ ಎಂಜಿನಿನ ಸ್ವಭಾವವೇ ಒರಟು. ಪೆಟ್ರೋಲಿನ ಎಂಜಿನಿನಲ್ಲಿರುವಂತೆ ಇಲ್ಲಿ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊತ್ತುವ ಕ್ಷಣದಲ್ಲಿ ಸಿಲಿಂಡರಿನೊಳಗೆ ಬೀಳುವ ಹೊಡೆತವೇ ಆ ‘ಟಕ ಟಕ’. ಅದು ರೋಗವಲ್ಲ, ಅದರ ಮಾತು. ಆದರೆ ಉರಿದುಳಿದ ಅನಿಲ ಹೊರಬೀಳುವ ಸದ್ದು ಬೇರೆ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಬಾರಿ ಕಾದ ಅನಿಲ ಕೊಳವೆಗೆ ಗುದ್ದುತ್ತದೆ. ಆ ನೂರು ಗುದ್ದುಗಳು ಮ್ಯಾನಿಫೋಲ್ಡನ್ನು ದಾಟಿ, ಮುಂಗೊಳವೆಯಲ್ಲಿ ಇಳಿದು, ಸೈಲೆನ್ಸರೆಂಬ ಡಬ್ಬಿಯನ್ನು ಹೊಕ್ಕು, ಅಲ್ಲಿನ ಕೋಣೆಯಿಂದ ಕೋಣೆಗೆ ರಂಧ್ರಗಳ ಮೂಲಕ ಅಲೆದು, ಒಂದರ ಅಲೆ ಇನ್ನೊಂದರ ಅಲೆಯನ್ನು ಮುರಿದು, ಸಾಧುವಾಗಿ ಹಿಂಬದಿಗೆ ಬರಬೇಕು. ನಡುವೆ ಎಲ್ಲಿ ಕಂಡಿ ಬಿದ್ದರೂ ಸಾಧುತನ ಅಲ್ಲಿಗೆ ಮುಗಿಯಿತು.

ಬೆಂಗಳೂರಿನಿಂದ ಹೊರನಾಡಿಗೆ ಹೊರಟ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಆರೇಳು ವರ್ಷ ಹಳೆಯ ಡೀಸೆಲ್ ಕಾರು. ಮುಂದೆ ದಂಪತಿಗಳು, ಹಿಂದೆ ಅಜ್ಜಿ ಮತ್ತು ಇಬ್ಬರು ಮಕ್ಕಳು. ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಹೊರಟಾಗ ಸಣ್ಣಗೆ ಕೇಳಿದ ಸದ್ದು ಕಳಸ ಸಮೀಪಿಸುವ ಹೊತ್ತಿಗೆ ಗುಡುಗಾಗಿದೆ. ಹೊರಗೆ ಜಡಿಮಳೆ, ಗಾಜುಗಳೆಲ್ಲ ಏರಿವೆ. ಮಗಳು, “ಅಮ್ಮಾ, ತಲೆ ನೋಯುತ್ತೆ” ಎನ್ನುತ್ತಾಳೆ. ಘಾಟಿಯ ತಿರುವಿಗೆ ಮಕ್ಕಳಿಗೆ ಹಾಗಾಗುವುದು ಸಹಜವೆಂದು ಅಜ್ಜಿ ನಿಂಬೆಹಣ್ಣು ಮೂಸಲು ಕೊಡುತ್ತಾರೆ. ತಲೆನೋವಿಗೆ ತಿರುವೇ ಕಾರಣವಿರಬಹುದು, ಇಲ್ಲದೆಯೂ ಇರಬಹುದು. ಇಲ್ಲಿಯೇ ವಿಷಯದ ಗಂಭೀರತೆ ಇರುವುದು.

ಕಂಡಿಯಿಂದ ಸದ್ದು ಮಾತ್ರ ಹೊರಬರುವುದಿಲ್ಲ, ಹೊಗೆಯೂ ಬರುತ್ತದೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಓಡುವ ಬಂಡಿಯ ಅಡಿಯಿಂದ ಹೊರಟ ಹೊಗೆಯನ್ನು ಗಾಳಿ ಹಿಂದಕ್ಕೆ ಒಯ್ಯುತ್ತದೆ. ಘಾಟಿಯಲ್ಲಿ ಮೊದಲನೆಯ, ಎರಡನೆಯ ಗೇರಿನಲ್ಲಿ ತೆವಳುವ ಬಂಡಿಗೆ ಆ ಗಾಳಿಯ ನೆರವಿಲ್ಲ; ಎಂಜಿನು ದುಡಿಯುವುದು ಹೆಚ್ಚು, ಓಡುವುದು ಕಡಮೆ. ಹೊಗೆ ನೆಲಹಾಸಿನ ಸಂದಿಯಿಂದಲೋ ಗಾಳಿ ಎಳೆದುಕೊಳ್ಳುವ ಕಂಡಿಯಿಂದಲೋ ಒಳನುಗ್ಗುತ್ತದೆ. ಪೆಟ್ರೋಲಿಗಿಂತ ಡೀಸೆಲಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು ಕಡಮೆಯೆಂಬುದು ನಿಜ. ಇಲ್ಲವೇ ಇಲ್ಲವೆಂಬುದು ಸುಳ್ಳು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜೊತೆಗೆ ಬರುವ ಮಸಿಯ ಕಣಗಳ ಮಾತು ಬೇರೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಕಾರಿಗಿಂತ ಜೀಪಿನ ಸ್ಥಿತಿ ಇನ್ನೂ ಕಷ್ಟದ್ದು. ಮಳೆಗೆಂದು ಸುತ್ತಲೂ ತಾಡಪಾಲು ಇಳಿಬಿಟ್ಟು ಹಿಂಬದಿಯನ್ನು ಮಾತ್ರ ತೆರೆದಿಟ್ಟರೆ, ಓಡುವ ಬಂಡಿಯ ಬೆನ್ನ ಹಿಂದೆ ಹುಟ್ಟುವ ಸುಳಿ ಹೊಗೆಯನ್ನು ಒಳಕ್ಕೇ ಸೆಳೆಯುತ್ತದೆ. ಅಲ್ಲಿ ಎದುರುಬದುರಾಗಿ ಕುಳಿತವರು ಶಾಲೆಯ ಮಕ್ಕಳಾಗಿರಬಹುದು, ತೋಟದ ಆಳುಗಳಾಗಿರಬಹುದು. ಸದ್ದನ್ನು ಕುರಿತು ಗೊಣಗುವವರು ಬಹಳ. ಹೊಗೆಯನ್ನು ಕುರಿತು ಯೋಚಿಸುವವರು ವಿರಳ.

ಕಾರು ಪೇಟೆಯ ಗ್ಯಾರೇಜಿನ ಮುಂದೆ ನಿಲ್ಲುತ್ತದೆನ್ನಿ. ಯಜಮಾನರಿಗೆ ಆತುರ: “ಮೇಸ್ತ್ರಿ, ಹೇಗಾದರೂ ಸದ್ದು ನಿಲ್ಲಿಸಿಬಿಡಿ, ಮಧ್ಯಾಹ್ನದ ಮಹಾಮಂಗಳಾರತಿಗೆ ಹೋಗಬೇಕು.” ಬಲ್ಲ ಮೇಸ್ತ್ರಿ ಆತುರಪಡುವುದಿಲ್ಲ. “ಮೊದಲು ತಣ್ಣಗಾಗಲಿ ಸಾರ್. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಅದೇ ಹೇಳುತ್ತೆ” ಎನ್ನುತ್ತಾನೆ. ಇದು ಕಾಲಹರಣದ ಮಾತಲ್ಲ. ಮ್ಯಾನಿಫೋಲ್ಡಿನ ಗ್ಯಾಸ್ಕೆಟು ಸುಟ್ಟಿದ್ದರೆ ತಣ್ಣನೆಯ ಎಂಜಿನು ‘ಟಿಕ್ ಟಿಕ್’ ಎನ್ನುತ್ತದೆ. ಕಾದಂತೆ ಲೋಹ ಹಿಗ್ಗಿ ಸಂದಿ ಮುಚ್ಚಿಕೊಂಡು ಸದ್ದು ಅಡಗುತ್ತದೆ. ಅರ್ಧ ಗಂಟೆ ಓಡಿಸಿ ತಂದು ತೋರಿಸಿದವನ ಬಂಡಿಯಲ್ಲಿ ಈ ರೋಗ ಬಚ್ಚಿಟ್ಟುಕೊಂಡಿರುತ್ತದೆ.

ಸದ್ದುಗಳಲ್ಲಿ ಜಾತಿಗಳುಂಟು. ಏರಿನಲ್ಲಿ ಕಾಲೊತ್ತಿದಾಗ ಮಾತ್ರ ಗುಡುಗಿ, ಸುಮ್ಮನೆ ನಿಂತಾಗ ತೆಪ್ಪಗಿದ್ದರೆ ಮುಂಗೊಳವೆಯಲ್ಲೋ ಬಾಗುವ ಜಾಲರಿ ಕೊಳವೆಯಲ್ಲೋ ಬಿರುಕು. ಸದಾ ಭೋರೆನ್ನುತ್ತಿದ್ದರೆ ಡಬ್ಬಿಯಲ್ಲಿ ತೂತು. ಗುಂಡಿಗೆ ಬಿದ್ದಾಗ ‘ಧಡ್’ ಎಂದರೆ ಕೊಳವೆಯನ್ನು ತೂಗುಹಾಕಿರುವ ರಬ್ಬರು ಹರಿದಿದೆ. ಯಾವುದೋ ಒಂದು ವೇಗದಲ್ಲಿ ಮಾತ್ರ ತಗಡಿನ ತಂಬೂರಿ ಮೀಟಿದಂತಾದರೆ ಕಾವು ತಡೆಯುವ ಹೊದಿಕೆಯ ತಗಡು ಸಡಿಲವಾಗಿದೆ. ಅದಕ್ಕೆ ಒಂದು ಕ್ಲಿಪ್ಪು ಸಾಕು. ಡಬ್ಬಿಯನ್ನು ತಟ್ಟಿದರೆ ಒಳಗೆ ಗಿಲಕಿಯಾಡಿದಂತಾದರೆ ಒಳಗೋಡೆಗಳು ತುಕ್ಕು ತಿಂದು ಕಳಚಿವೆ. ಅದಕ್ಕೆ ಚಿಕಿತ್ಸೆಯಿಲ್ಲ, ಬದಲಿಸಬೇಕು. ಇನ್ನು ಕಾಲೊತ್ತಿದಾಗ ‘ಸುಯ್’ ಎಂದು ಸಿಳ್ಳೆಯಿಟ್ಟು, ಕರಿಹೊಗೆ ಕಾರಿ, ಬಂಡಿ ಏರಲು ಮುನಿಸಿಕೊಂಡರೆ ಸೈಲೆನ್ಸರನ್ನು ದೂರಬಾರದು. ಟರ್ಬೋವಿನಿಂದ ಎಂಜಿನಿಗೆ ಗಾಳಿಯೊಯ್ಯುವ ರಬ್ಬರು ಕೊಳವೆ ಸೀಳಿರುವ ಸಂಭವ ಹೆಚ್ಚು. ಈ ಭೇದವನ್ನರಿಯದೆ ಹೊಸ ಸೈಲೆನ್ಸರು ಕೊಂಡು, ಹಳೆಯ ಸಿಳ್ಳೆಯೊಡನೆ ಮನೆಗೆ ಮರಳಿದವರಿಗೆ ಬರವಿಲ್ಲ.

ಕಿವಿ ಹೇಳಿದ್ದನ್ನು ಕಣ್ಣು ಸ್ಥಿರಪಡಿಸಬೇಕು. ಈ ವಿಷಯದಲ್ಲಿ ಡೀಸೆಲು ಉಪಕಾರಿ: ಹೊಗೆ ಸೋರುವಲ್ಲಿ ಕಾಡಿಗೆಯಿಟ್ಟಂತೆ ಕರಿಯ ಗೆರೆ ಬಿದ್ದಿರುತ್ತದೆ. ಕೂಡುಗಳಲ್ಲಿ, ಬೋಲ್ಟುಗಳ ಸುತ್ತ, ಬೆಸುಗೆಯ ಅಂಚಿನಲ್ಲಿ ದೀಪ ಹಿಡಿದು ನೋಡಿದರೆ ಅರ್ಧ ಕೆಲಸ ಮುಗಿಯಿತು. ಸಣ್ಣ ಬಿರುಕಿಗೆ ಸೋಪಿನ ನೀರಿದೆ. ತಣ್ಣನೆಯ ಕೊಳವೆಗೆ ಬಳಿದು ಎಂಜಿನು ಚಾಲೂ ಮಾಡಿದರೆ ಗುಳ್ಳೆಯೇಳುತ್ತದೆ. ಅಥವಾ ದಪ್ಪನೆಯ ಗೋಣಿಯ ಮಡಿಕೆಯಿಂದ ಹಿಂಬದಿಯ ಬಾಯಿಯನ್ನು ಕ್ಷಣಕಾಲ ಒತ್ತಿಹಿಡಿದರೆ, ಕಂಡಿಯಿರುವಲ್ಲಿ ಬುಸುಗುಟ್ಟುವುದು ಕೇಳುತ್ತದೆ. ಕೆಲವರು ಒಂದು ಮಾರು ರಬ್ಬರು ಕೊಳವೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಕೂಡಿನಿಂದ ಕೂಡಿಗೆ ಒಯ್ದು, ವೈದ್ಯರು ಎದೆ ನೋಡುವಂತೆ ನೋಡುತ್ತಾರೆ. ಇದಾವುದನ್ನೂ ಮುಚ್ಚಿದ ಕೊಟ್ಟಿಗೆಯೊಳಗೆ ಮಾಡತಕ್ಕದ್ದಲ್ಲ, ಬರಿಯ ಜಾಕಿಯ ಮೇಲೆ ನಿಂತ ಬಂಡಿಯ ಅಡಿಯಲ್ಲಿ ಮಲಗಿಯಂತೂ ಸರ್ವಥಾ ಅಲ್ಲ.

ಒಂದು ತೂತನ್ನು ಮಾತ್ರ ಕ್ಷಮಿಸಬೇಕು. ಅನೇಕ ಸೈಲೆನ್ಸರುಗಳ ಅಡಿಯಲ್ಲಿ ಕಾರ್ಖಾನೆಯವರೇ ಕೊರೆದ ಸೂಜಿಗಣ್ಣಿನಂಥ ರಂಧ್ರವಿರುತ್ತದೆ. ಅದರಿಂದ ತೊಟ್ಟಿಕ್ಕುವ ನೀರನ್ನು ಕಂಡು, ತುಕ್ಕಿನ ತೂತೆಂದು ಬಗೆದು ಬೆಸೆದು ಮುಚ್ಚಿಬಿಡುವವರುಂಟು. ನೀರೆಲ್ಲಿಂದ ಬಂತು? ಮಳೆಯಿಂದಲ್ಲ. ಒಂದು ಲೀಟರು ಡೀಸೆಲು ಉರಿದರೆ ಹೆಚ್ಚುಕಡಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆಂಬುದು ರಸಾಯನಶಾಸ್ತ್ರದ ಒಂದು ಚಮತ್ಕಾರ. ದೂರ ಓಡಿದ ಬಂಡಿಯಲ್ಲಿ ಕೊಳವೆ ಚೆನ್ನಾಗಿ ಕಾದು ಆವಿಯೆಲ್ಲ ಹೊರಹೋಗುತ್ತದೆ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎರಡೆರಡು ಮೈಲಿ ಓಡಾಡುವ ಬಂಡಿಯಲ್ಲಿ ಅದು ಡಬ್ಬಿಯೊಳಗೇ ತಂಗಿ, ಹೊಗೆಯ ಆಮ್ಲದೊಡನೆ ಬೆರೆತು, ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ಮಲೆನಾಡಿನ ಮಳೆಗಾಲ, ಒಳಗಿನಿಂದ ಈ ಗುಪ್ತ ಮಳೆಗಾಲ. ಎರಡರ ನಡುವೆ ಒಂದು ತೆಳು ತಗಡು ಎಷ್ಟು ಕಾಲ ಬಾಳೀತು?

ಮಳೆಗಾಲದ ಮಾತು ಬಂದಾಗ ಹೆಬ್ಬಾಳೆಯ ಸೇತುವೆಯನ್ನು ಮರೆಯುವಂತಿಲ್ಲ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರೆಯ ಮೇಲಿನ ಆ ತಗ್ಗು ಸೇತುವೆ ನೆರೆ ಬಂದಾಗ ಎಷ್ಟೋ ವರ್ಷ ಮುಳುಗಿ, ಸಂಪರ್ಕ ಕಡಿದು, ಪತ್ರಿಕೆಗಳಲ್ಲಿ ಸುದ್ದಿಯಾಗಿದೆ. ಅಂಥಲ್ಲಿ ದುಡುಕುವವರು ‘ಸೈಲೆನ್ಸರಿಗೆ ನೀರು ಹೋಗದಂತೆ ಜೋರಾಗಿ ಓಡಿಸಿದರಾಯಿತು’ ಎನ್ನುತ್ತಾರೆ. ಎಂಜಿನು ಓಡುತ್ತಿರುವಷ್ಟು ಹೊತ್ತು ಹೊಗೆಯ ಒತ್ತಡ ನೀರನ್ನು ತಡೆಯುವುದು ಹೌದು. ಅಪಾಯವಿರುವುದು ಎದುರುಗಡೆ: ಎಂಜಿನು ಗಾಳಿಯ ಜೊತೆಗೆ ನೀರನ್ನೂ ಹೀರಿದರೆ, ಒತ್ತಿದರೂ ಕುಗ್ಗದ ನೀರು ಒಳಗಿನ ಕಬ್ಬಿಣದ ಕೋಲುಗಳನ್ನೇ ಬಗ್ಗಿಸುತ್ತದೆ. ಉಕ್ಕುವ ಹೊಳೆ ಬಂಡಿಯನ್ನೇ ಎತ್ತಿ ಒಯ್ಯುವುದು ಇದಕ್ಕೂ ಮೇಲಿನ ಮಾತು. ನೀರು ಇಳಿಯುವವರೆಗೆ ಕಾಯುವುದೊಂದೇ ಜಾಣತನ.

ದುರಸ್ತಿಯ ಕಷ್ಟವೆಲ್ಲ ಬೋಲ್ಟು ಬಿಚ್ಚುವುದರಲ್ಲಿದೆ. ವರ್ಷಗಟ್ಟಲೆ ಕಾದು ತಣಿದು ತುಕ್ಕು ಹಿಡಿದ ಬೋಲ್ಟು ಕೈಯಲ್ಲೇ ಮುರಿದರೆ, ಒಂದು ಗಂಟೆಯ ಕೆಲಸ ಒಂದು ದಿನದ್ದಾಗುತ್ತದೆ. ಆದ್ದರಿಂದ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಕಾದು, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಗ್ಯಾಸ್ಕೆಟು ತೆಗೆದ ಮೇಲೆ ಹಳೆಯದನ್ನೇ ಮತ್ತೆ ಕೂಡಿಸುವುದು ಸಲ್ಲದು. ಮ್ಯಾನಿಫೋಲ್ಡಿನ ಮುಖಕ್ಕೆ ನೇರಪಟ್ಟಿಯನ್ನಿಟ್ಟು ನೋಡಿ, ಸೊಟ್ಟಗಾಗಿದ್ದರೆ ಲೇತಿನವರಲ್ಲಿ ಮಟ್ಟ ಮಾಡಿಸಬೇಕು; ಇಲ್ಲವಾದರೆ ಹೊಸ ಗ್ಯಾಸ್ಕೆಟೂ ತಿಂಗಳೊಳಗೆ ಸುಡುತ್ತದೆ. ಬಿಗಿಸುವಾಗ ನಡುವಿನಿಂದ ಎರಡೂ ತುದಿಗಳ ಕಡೆಗೆ ಬಿಗಿಸುತ್ತ ಬರಬೇಕು. ಬಾಗುವ ಕೊಳವೆ ಎರಡನೆಯ ಸಲ ಹರಿದರೆ ಅದರ ತಪ್ಪೇನೂ ಇಲ್ಲ. ಎಂಜಿನನ್ನು ಹೊತ್ತ ರಬ್ಬರು ಬುಡಗಳು ಸತ್ತು, ಎಂಜಿನು ಅಲುಗಿ ಅದನ್ನು ಎಳೆದಾಡುತ್ತಿದೆ.

ತೂತಿಗೆ ಬೆಸುಗೆ ಹಾಕುವವರು ತುಕ್ಕಿನ ಮೇಲೆಯೇ ತೇಪೆಯಿಟ್ಟರೆ ಅದು ಹಳೆಯ ಪಂಚೆಗೆ ಹೊಸ ತೇಪೆ, ಪಕ್ಕದಲ್ಲಿ ಹರಿಯುತ್ತದೆ. ಗಟ್ಟಿ ಲೋಹ ಸಿಕ್ಕುವವರೆಗೆ ಕತ್ತರಿಸಿ, ಹೊಸ ತುಂಡು ಕೂಡಿಸಬೇಕು. ವಿದ್ಯುತ್ ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿ ಕಳಚುವುದನ್ನು ಮರೆತರೆ ಈಗಿನ ಕಾರಿನ ಕಂಪ್ಯೂಟರು ಬಲಿಯಾದೀತು. ದಾರಿಯ ನಡುವೆ ಕೆಟ್ಟರೆ ಎಣ್ಣೆಡಬ್ಬದ ತಗಡನ್ನು ಸುತ್ತಿ ಎರಡು ಕ್ಲಾಂಪು ಬಿಗಿದು ಊರು ಸೇರುವುದು ಮಲೆನಾಡಿನ ಹಳೆಯ ಉಪಾಯ. ಅಡಿಯಲ್ಲಿ ಸುತ್ತುತ್ತಿದ್ದ ಕಲ್ನಾರಿನ ಹಗ್ಗವನ್ನು ಮಾತ್ರ ಈಗ ಬಿಡಬೇಕು. ಅದರ ಧೂಳು ಶ್ವಾಸಕೋಶಕ್ಕೆ ವಿಷ.

2020ರಿಂದೀಚಿನ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿಯುವ ಶೋಧಕವೊಂದು ಸೇರಿದೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ನಿಧಾನದ ಗುಡ್ಡದ ಓಡಾಟದಲ್ಲಿ ಅದಕ್ಕೆ ಬೇಕಾದ ಕಾವು ಹುಟ್ಟದೆ ಕಟ್ಟಿಕೊಳ್ಳುತ್ತದೆ. ಶೋಧಕವನ್ನೇ ಕೊರೆದು ಬರಿದು ಮಾಡಿಕೊಡುವ ಕೈಚಳಕದವರು ಎಲ್ಲ ಊರಿನಲ್ಲೂ ಸಿಕ್ಕಾರು. ಹಾಗೆ ಮಾಡಿಸುವುದೆಂದರೆ ಹಿಂದಿನ ಬಂಡಿಯವರ ಮೂಗಿಗೆ ಮಸಿ ಕಳಿಸುವುದು. ಕಾನೂನಿಗೂ ಅದು ಒಪ್ಪಿಗೆಯಲ್ಲ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಏಕವೇಗದಲ್ಲಿ ಓಡಿಸುವುದೇ ಅದಕ್ಕೆ ಔಷಧಿ. ಶೋಧಕ ಮಸಿ ಸುಡುವಾಗ ಕೊಳವೆ ಕೆಂಡದಂತಿರುವುದರಿಂದ, ಬೇಸಿಗೆಯಲ್ಲಿ ಕುದುರೆಮುಖದ ಬೋಳುಗುಡ್ಡಗಳ ಬದಿಯ ಒಣಹುಲ್ಲಿನ ಮೇಲೆ ಬಂಡಿ ನಿಲ್ಲಿಸಬಾರದು. 1987ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಆ ಕಾಡಿನಲ್ಲಿ ಸಿಂಗಳೀಕಗಳಿವೆ. ಅವುಗಳಿಗೆ ಬೆಂಕಿಯೂ ಬೇಡ, ಗುಡುಗೂ ಬೇಡ.

ಇತ್ತ ಗ್ಯಾರೇಜಿನಲ್ಲಿ ಮಳೆ ನಿಂತಿದೆ. ಸುಟ್ಟ ಗ್ಯಾಸ್ಕೆಟನ್ನು ಮೇಸ್ತ್ರಿ ಯಜಮಾನರ ಕೈಯಲ್ಲಿಡುತ್ತಾನೆ; ಅದರ ಒಂದು ಅಂಚು ಇದ್ದಿಲಾಗಿದೆ. ಎಂಜಿನು ಈಗ ತನ್ನ ಸಹಜವಾದ ‘ಟಕ ಟಕ’ವನ್ನಷ್ಟೇ ಆಡುತ್ತಿದೆ. ಮಂಗಳಾರತಿ ತಪ್ಪಿತು, ರಾತ್ರಿಯ ಪೂಜೆಗೆ ಹೊತ್ತಿದೆ. “ಹೊರನಾಡಲ್ಲೇ ಉಳಿಯಿರಿ ಸಾರ್,” ಎನ್ನುತ್ತಾನೆ ಮೇಸ್ತ್ರಿ. “ಬೆಳಿಗ್ಗೆ ಬಂದವರು ಇಲ್ಲಿ ಒಂದು ಗಂಟೆ ನಿಲ್ಲಿಸಿ. ಒಮ್ಮೆ ಕಾದು ತಣಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಬೇಕು.” ಮಗಳು ಮಾತ್ರ ಗಾಜನ್ನು ಪೂರ್ತಿ ಇಳಿಸಿಕೊಂಡೇ ಕುಳಿತಿದ್ದಾಳೆ.