ಪೆಟ್ಟಿಗೆಯೊಳಗೇ ಉಳಿದ ಬೀಗದ ಕೈ

ಅಂಗೈಯಗಲದ ಹಸಿರು ಹಲಗೆಯೊಂದರಲ್ಲೇ ಇಡೀ ಗಣಕಯಂತ್ರ. ರಾಸ್ಪ್‌ಬೆರಿ ಪೈ ಎಂಬ ಇದನ್ನು ಇಂಗ್ಲೆಂಡಿನ ಕೇಂಬ್ರಿಜ್‌ನವರು 2012ರಲ್ಲಿ ಹೊರತಂದದ್ದು, ಶಾಲಾಮಕ್ಕಳ ಕೈಗೆ ಅಗ್ಗದ ಗಣಕವೊಂದು ಸಿಗಲೆಂದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಹತ್ತನೆಯ ತರಗತಿ ಓದುವ ಹುಡುಗಿಯ ಮನೆಯಲ್ಲಿ ಇರುವ ಏಕೈಕ ಗಣಕವೂ ಅದೇ, ನಾಲ್ಕನೆಯ ಮಾದರಿಯದು. ಹಗಲು ಆಕೆ ಅದರಲ್ಲಿ ಪಾಠ ಓದುವಳು. ಸಂಜೆ ಅವಳ ಅಜ್ಜ ತಾಳಮದ್ದಳೆಯ ನೆನಪುಗಳನ್ನು ಎರಡೇ ಬೆರಳುಗಳಿಂದ ಟೈಪು ಮಾಡುವರು. ಪಾರ್ತಿಸುಬ್ಬನ ಕುಂಬಳೆ ಸೀಮೆಯವರು. ಹೇಳುವುದಕ್ಕೆ ಅವರಲ್ಲಿ ಬೇಕಾದಷ್ಟಿದೆ. ಬರೆದುದೆಲ್ಲ ಉಗುರಿನಷ್ಟಗಲದ ಒಂದು ಮೆಮೊರಿ ಕಾರ್ಡಿನಲ್ಲಿತ್ತು, ಅಲ್ಲಿ ಮಾತ್ರವೇ ಇತ್ತು.

ಕೇರಳದ ಶಾಲೆಗಳ ಗಣಕಗಳು ಬಹುಕಾಲದಿಂದ ಲಿನಕ್ಸ್‌ನಿಂದ ನಡೆಯುತ್ತಿರುವುದರಿಂದ ಹುಡುಗಿಗೆ ಆ ಹೆಸರು ಹೊಸತಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಅದರ ಕರ್ನೆಲನ್ನು, ಎಂದರೆ ತಿರುಳನ್ನು, ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಿ ಕಟ್ಟಬಹುದು ಎಂದು ತಿಳಿದ ಮೇಲೆ ಆಕೆಗೆ ಸುಮ್ಮನಿರಲಾಗಲಿಲ್ಲ. "ಯಾವ ಪಲ್ಟನಿನ ಕರ್ನಲ್ ಮಗಾ?" ಎಂದು ಅಜ್ಜ ಕೇಳಿದ್ದರು.

ಕಟ್ಟುವ ಮೊದಲು ಒಂದು ಉದ್ದ ಪಟ್ಟಿಯಲ್ಲಿ ಆಯ್ಕೆ ಮಾಡಬೇಕು. ಪ್ರತಿಯೊಂದು ಭಾಗಕ್ಕೂ ಸಾಮಾನ್ಯವಾಗಿ ಮೂರು ಗತಿ: ತಿರುಳಿನೊಳಗೇ ಸೇರಿಸುವುದು, ಮಾಡ್ಯೂಲ್ ಎಂದು ಬೇರೆಯಾಗಿ ಕಾರ್ಡಿನಲ್ಲಿಟ್ಟು ಬೇಕಾದಾಗ ಕರೆಯುವುದು, ಇಲ್ಲವೇ ಬಿಟ್ಟುಬಿಡುವುದು. ತಿರುಳು ಹಗುರಾಗಲಿ ಎಂದು ಆಕೆ ಅನೇಕ ಭಾಗಗಳನ್ನು ಮಾಡ್ಯೂಲ್ ಮಾಡಿ, ಹೊಸ ತಿರುಳಿಗೆ 'ಕುಂಬಳೆ-1' ಎಂದು ಹೆಸರಿಟ್ಟಳು. ಆಷಾಢದ ಮಳೆ, ನಡುವೆ ಕರೆಂಟು ಹೋಯಿತು. ಆದರೆ ಕಟ್ಟುವ ತಂತ್ರಾಂಶ ಮುಗಿದ ಕೆಲಸವನ್ನು ಬಿಟ್ಟು ಉಳಿದುದನ್ನಷ್ಟೇ ಮುಂದುವರಿಸುತ್ತದೆ.

ಹಲಗೆಯನ್ನು ಮತ್ತೆ ಚಾಲೂ ಮಾಡಿದಾಗ ಟಿ.ವಿ.ಯ ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಸರಸರನೆ ಹರಿದು ನಿಂತುಬಿಟ್ಟವು. ಕೊನೆಯದು 'ಕರ್ನೆಲ್ ಪ್ಯಾನಿಕ್', ತಿರುಳು ಕಂಗೆಟ್ಟಿತು ಎಂದು. ಅದಕ್ಕೂ ಮೇಲೆ, ಮೂಲ ವಿಭಾಗವನ್ನು ತೆರೆಯಲಾಗಲಿಲ್ಲ, ದೋಷಸಂಖ್ಯೆ -19, ಸರಿಯಾದ 'ರೂಟ್' ವಿಳಾಸ ಕೊಡಿರಿ ಎಂಬ ಸೂಚನೆ.

ಮಂಗಳೂರಿನಲ್ಲಿ ಓದುವ ಭಾವ ಆ ದಿನ ಬಂದಿದ್ದ. "ಫಾರ್ಮ್ಯಾಟ್ ಮಾಡಿ ಹೊಸತಾಗಿ ಹಾಕು, ಹತ್ತು ನಿಮಿಷದ ಕೆಲಸ" ಎಂದ. ಕಾರ್ಡನ್ನು ಅವನ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದಾಗ ಆ ಯಂತ್ರವೂ ಅದೇ ಮಾತನ್ನು ಹೇಳಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು. ತನಗೆ ಓದಲು ಬಾರದ ಬರಹವನ್ನು ಅಳಿಸಿಬಿಡೋಣವೆನ್ನುವ ಈ ಸಲಹೆಗೆ ಎಷ್ಟು ಮನೆಗಳ ಕಡತಗಳು ಬಲಿಯಾಗಿವೆಯೋ! ಹುಡುಗಿ ಬೇಡವೆಂಬ ಗುಂಡಿಯನ್ನು ಒತ್ತಿದಳು. ಬಾಗಿಲಲ್ಲಿ ನಿಂತಿದ್ದ ಅಜ್ಜ, "ನನ್ನದೆಲ್ಲ ಹೋಯಿತೋ?" ಎಂದಷ್ಟೇ ಕೇಳಿದರು.

ಆಕೆ ಕಾರ್ಡನ್ನು ಮರಳಿ ಹಲಗೆಗೆ ಹಾಕಿ, ಪರದೆಯ ಸಾಲುಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ನೋಟುಬುಕ್ಕಿಗೆ ಇಳಿಸತೊಡಗಿದಳು. ಮೊದಲು ಯಂತ್ರದ ಸೂಚನೆಯನ್ನೇ ನಂಬಿ 'ರೂಟ್' ವಿಳಾಸವನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿದಳು, ಅದರಲ್ಲಿ ತಪ್ಪಿರಲಿಲ್ಲ. ದೋಷಸಂದೇಶವು ಕಂಡದ್ದನ್ನು ಹೇಳುವಾಗ ಸತ್ಯವಂತ. ಉಪಾಯ ಹೇಳುವಾಗ ಮಾತ್ರ ಅದು ಊಹಿಸುತ್ತದೆ. ಕಂಡದ್ದು ಏನು? ಆವರಣದಲ್ಲಿ 179, 2 ಎಂಬ ಅಂಕಿಗಳಿದ್ದವು. 179 ಎಂದರೆ ಲಿನಕ್ಸ್ ಮೆಮೊರಿ ಕಾರ್ಡಿಗೆ ಕೊಟ್ಟ ಸಂಖ್ಯೆ, 2 ಎಂದರೆ ಅದರ ಎರಡನೆಯ ವಿಭಾಗ. ಕಾರ್ಡೇ ಕಾಣದಿದ್ದರೆ ಅಲ್ಲಿ ಎರಡು ಸೊನ್ನೆಗಳಿರುತ್ತಿದ್ದವು. ಕೆಳಗಿನ ಪಟ್ಟಿಯಲ್ಲೂ ಎರಡನೆಯ ವಿಭಾಗ ತನ್ನ ಪೂರ್ಣ ಅಳತೆಯೊಡನೆ ಇತ್ತು. ಹಾಗಾದರೆ -19, ಅಂದರೆ 'ಅಂಥ ಸಾಧನವಿಲ್ಲ' ಎಂಬುದು ಯಾವುದನ್ನು ಕುರಿತು?

ಅಟ್ಟದಲ್ಲಿ ತಿಗಳಾರಿ ಲಿಪಿಯ ಓಲೆಗರಿ ಇದ್ದೂ ಓದಬಲ್ಲವರಿಲ್ಲದ ಮನೆಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಇಲ್ಲಿ ಆದದ್ದೂ ಅದೇ. ಎರಡನೆಯ ವಿಭಾಗ ಇಎಕ್ಸ್‌ಟಿ4 ಎಂಬ ಕ್ರಮದಲ್ಲಿ ಬರೆಯಲ್ಪಟ್ಟದ್ದು. ಅದನ್ನು ಓದಬಲ್ಲ ಭಾಗವನ್ನೂ ಹುಡುಗಿ ಮಾಡ್ಯೂಲ್ ಮಾಡಿ ಅದೇ ವಿಭಾಗದೊಳಗೆ ಇಟ್ಟಿದ್ದಳು. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟಂತೆ.

ಬಿಡುಗಡೆ ಸುಲಭವಿತ್ತು. ಕಾರ್ಡಿನ ಮೊದಲ ಪುಟ್ಟ ವಿಭಾಗವನ್ನು ಯಾವ ಗಣಕವೂ ಓದಬಲ್ಲದು. ಭಾವನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು, ಹೊಸ ತಿರುಳನ್ನು ಹೆಸರಿಸುವ ಒಂದೇ ಒಂದು ಸಾಲನ್ನು ಆಕೆ ಅಳಿಸಿದಳು. ಹಳೆಯ ತಿರುಳನ್ನು ಅಳಿಸದೆ ಪಕ್ಕದಲ್ಲೇ ಉಳಿಸಿದ್ದುದು ಈಗ ಕೈಹಿಡಿಯಿತು. ಹಲಗೆ ಎಂದಿನಂತೆ ಎದ್ದಿತು. ಅಜ್ಜನ ಬರಹದ ಒಂದಕ್ಷರವೂ ಹೋಗಿರಲಿಲ್ಲ. ಮೊಟ್ಟಮೊದಲು ಅದನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿದಳು. ಈ ಕೆಲಸ ತಿರುಳಿಗೆ ಕೈಹಾಕುವ ಮೊದಲೇ ಆಗಬೇಕಾಗಿತ್ತು, ಬಿಡಿ.

ಇಎಕ್ಸ್‌ಟಿ4 ಭಾಗವನ್ನು ಒಳಸೇರಿಸಿ ಕಟ್ಟಿದ 'ಕುಂಬಳೆ-2' ಮೊದಲ ಯತ್ನದಲ್ಲೇ ಎದ್ದಿತಾದರೂ ವೈಫೈ ಕಾಣಲಿಲ್ಲ. ಈ ಬಾರಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ತಿರುಳು ತನ್ನ ಮಾಡ್ಯೂಲ್‌ಗಳನ್ನು ತನ್ನದೇ ಹೆಸರಿನ ಕೋಶದಲ್ಲಿ ಹುಡುಕುತ್ತದೆ. ಕಾರ್ಡಿನಲ್ಲಿ ಇದ್ದದ್ದು 'ಕುಂಬಳೆ-1'ರ ಕೋಶ. ಮಾಡ್ಯೂಲ್‌ಗಳನ್ನು ಸ್ಥಾಪಿಸುವ ಆದೇಶವನ್ನು ಮತ್ತೊಮ್ಮೆ ಕೊಟ್ಟು ಹಲಗೆಯನ್ನು ಚಾಲೂ ಮಾಡಿದಾಗ ವೈಫೈ ಬಂದಿತು.

"ಮೂರನೆಯದನ್ನೂ ಕಟ್ಟುವೆಯೋ?" ಎಂದರು ಅಜ್ಜ, ಪೆನ್‌ಡ್ರೈವನ್ನು ಕನ್ನಡಕದ ಡಬ್ಬಿಯೊಳಗಿಡುತ್ತ.